ಕೋಳಿ ಅಂಕದ ದಿನ ಬರುತ್ತಿದ್ದ ಮುಟ್ಟು

ನನ್ನ ಮಾವ ಕೋಳಿಗಳನ್ನು ಸಾಕಿದಷ್ಟು ಅಕ್ಕರೆಯಿಂದ ಮನುಷ್ಯರನ್ನು ಸಾಕಲಿಲ್ಲ. ಬೆಳಿಗ್ಗೆ ಎದ್ದವನೇ ಮುಖ ತೊಳೆಯುವ ಮೊದಲು ಗೂಡಿನ ಬಾಗಿಲು ತೆಗೆದು ಹುಂಜಗಳ ಮೈ ಸವರುತ್ತಿದ್ದ. ಅಂಕಕ್ಕೆ, ಎಂದರೆ ಕಾಲಿಗೆ ಬಾಳು ಎನ್ನುವ ಸಣ್ಣ ಕತ್ತಿ ಕಟ್ಟಿ ಕಾದಾಡಿಸುವ ಕೋಳಿ ಅಂಕಕ್ಕೆ, ಹೋಗಬೇಕಾದ ಹುಂಜಕ್ಕೆ ಅಂಗೈಯಲ್ಲೇ ಕಾಳು ಹಿಡಿದು ತಿನ್ನಿಸುತ್ತಿದ್ದ. ಅದೇ ಕೈಯಲ್ಲಿ ನಾಗರಬೆತ್ತ ಹಿಡಿದು ನನ್ನ ಅಕ್ಕನ ಬೆನ್ನಿನ ಚರ್ಮ ಎಬ್ಬಿಸಿದ. ಊರಿನಲ್ಲಿ ಇವತ್ತಿಗೂ ಅವನ ಮಾತು ಬಂದರೆ ಗಂಡಸೆಂದರೆ ಅವರು ಎನ್ನುವವರಿದ್ದಾರೆ. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಹಿರಿಯರಿಗೆ ಬಹುವಚನ ಕೊಡಬೇಕಂತೆ. ನಾನು ಕೊಡುವುದಿಲ್ಲ.

ನಮ್ಮ ಮನೆ ಬಂಟ್ವಾಳ ಪೇಟೆಯ ಹತ್ತಿರ, ನರಿಕೊಂಬಿನಲ್ಲಿ. ಅಳಿಯಸಂತಾನದ ಮನೆ, ಮಕ್ಕಳು ತಾಯಿಯ ಮನೆಗೆ ಸೇರಿದವರು. ಯಜಮಾನ ಅಮ್ಮನ ಅಣ್ಣ, ಈ ಮಾವ. ಅಪ್ಪ ಬೆಳ್ತಂಗಡಿ ಕಡೆಯ ತನ್ನ ಮನೆಯಿಂದ ಯಾವಾಗಲಾದರೂ ಬಂದು, ಚಾವಡಿಯಲ್ಲಿ ನೆಂಟರ ಹಾಗೆ ಕೂತು, ಬೆಲ್ಲ ನೀರು ಕುಡಿದು ಹೋಗುತ್ತಿದ್ದರು. ನಮ್ಮ ಬಟ್ಟೆ, ಶಾಲೆ, ಪೆಟ್ಟು, ಎಲ್ಲ ಮಾವನ ಲೆಕ್ಕದಲ್ಲಿ. ಪೆಟ್ಟಿಗೆ ಮಾತ್ರ ಅವನು ಯಾವತ್ತೂ ಜಿಪುಣತನ ಮಾಡಲಿಲ್ಲ.

ಅಕ್ಕ ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ದೊಡ್ಡವಳಾದಳು. ಆಗ ಅವಳಿಗೆ ಹದಿಮೂರು ಇರಬೇಕು, ನಾನು ನಾಲ್ಕು ವರ್ಷಕ್ಕೆ ಸಣ್ಣವಳು. ನೆಂಟರ ಹೆಂಗಸರು ಬಂದು ನೀರೆರೆದರು, ಹೂ ಮುಡಿಸಿದರು, ಎಳ್ಳೆಣ್ಣೆ ಕುಡಿಸಿದರು. ಮಾವನೂ ಒಂದು ಹಸಿರು ಸೀರೆ ತಂದುಕೊಟ್ಟ. ಮನೆಯಲ್ಲಿ ಅಕ್ಕನಿಗಾಗಿ ಎಲ್ಲರೂ ನಕ್ಕದ್ದು ಅದೇ ಕೊನೆ. ಯಾಕೆಂದರೆ ಆ ಮೇಲೆ ಅವಳಿಗೆ ಮುಟ್ಟು ಬರಲೇ ಇಲ್ಲ. ಒಂದು ತಿಂಗಳು ಹೋಯಿತು, ಎರಡು ಹೋಯಿತು, ಐದಾರು ತಿಂಗಳು ಕಳೆಯಿತು.

ಈಗಿನ ಮಕ್ಕಳಾದರೆ ಯಾರಿಗೂ ಗೊತ್ತಾಗುವುದಿಲ್ಲ. ಆಗ ಹಾಗಲ್ಲ. ಮುಟ್ಟಾದವಳು ಭತ್ತ ಕುಟ್ಟುವ ಕೊಟ್ಟಿಗೆಯ ಜಗಲಿಯಲ್ಲಿ ಹೊರಗೆ ಕೂರಬೇಕು. ನಾಲ್ಕನೇ ದಿನ ಮಡಿವಾಳ್ತಿ, ಅಂದರೆ ಬಟ್ಟೆ ಒಗೆಯುವ ಹೆಂಗಸು, ಒಗೆದ ಸೀರೆ ತಂದು ಕೊಟ್ಟ ಮೇಲೆಯೇ ಒಳಗೆ ಬರಬಹುದು. ಯಾರು ಹೊರಗೆ, ಯಾರು ಒಳಗೆ ಎಂದು ದಾರಿಯಲ್ಲಿ ಹೋಗುವವನಿಗೂ ಕಾಣುತ್ತಿತ್ತು. ಹಾಗೆಯೇ ಯಾರು ತಿಂಗಳುಗಟ್ಟಲೆ ಹೊರಗೆ ಕೂತಿಲ್ಲ ಎನ್ನುವುದೂ ಕಾಣುತ್ತಿತ್ತು. ಒಂದು ದಿನ ಮಡಿವಾಳ್ತಿ ಅಂಗಳದಲ್ಲಿ ನಿಂತು, ದೊಡ್ಡ ಮಗಳಿಗೆ ಬಟ್ಟೆ ಬೇಡವಾ ಅಮ್ಮ, ಕರೆಯದೆ ಸುಮಾರು ಸಮಯ ಆಯ್ತಲ್ಲ ಎಂದು ಕೇಳಿದಳು. ಅವಳ ಮನಸ್ಸಿನಲ್ಲಿ ಏನೂ ಇರಲಿಲ್ಲ. ಮಾವ ಚಾವಡಿಯಲ್ಲಿದ್ದ. ಹಿಂದಿನ ದಿನ ಗುರುವಾಯನಕೆರೆ ಕಡೆಯ ಅಂಕದಲ್ಲಿ ಅವನ ಬೊಳ್ಳೆ, ಬಿಳಿ ಹುಂಜ, ಎರಡೇ ನೆಗೆತಕ್ಕೆ ಹೊಟ್ಟೆ ಸೀಳಿಸಿಕೊಂಡು ಸತ್ತಿತ್ತು.

ಅವನು ಅಕ್ಕನನ್ನು ಜಡೆ ಹಿಡಿದು ಕೊಟ್ಟಿಗೆಗೆ ಎಳೆದುಕೊಂಡು ಹೋದ. ಯಾರದ್ದು ಹೇಳು ಎಂದು ಹೊಡೆದ. ಅಕ್ಕನಿಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. ಯಾರದ್ದೋ ವಸ್ತು ಕದ್ದಿದ್ದಾಳೆ ಎಂದು ಕೇಳುತ್ತಿದ್ದಾನೆ ಅಂದುಕೊಂಡು, ನಾನು ಯಾರದ್ದೂ ಮುಟ್ಟಲಿಲ್ಲ ಮಾವ ಎಂದು ಕೂಗಿದಳು. ಅದಕ್ಕೆ ಇನ್ನಷ್ಟು ಬಿತ್ತು. ಬೆತ್ತ ಬೀಸುವ ಸದ್ದು ಮೊದಲು ಕೇಳಿ, ಅವಳ ಸ್ವರ ಆಮೇಲೆ ಕೇಳುತ್ತಿತ್ತು. ಕಡೆಕಡೆಗೆ ಬೆತ್ತದ ಸದ್ದು ಮಾತ್ರ ಕೇಳಿತು. ಅಮ್ಮ ಬಾಗಿಲ ಹೊರಗೆ ಸೆರಗು ಬಾಯಿಗೆ ತುರುಕಿಕೊಂಡು ನಿಂತಿದ್ದಳು. ನಾನು ಅಮ್ಮನ ಸೊಂಟಕ್ಕೆ ಗುದ್ದುತ್ತಿದ್ದೆ, ಹೋಗು, ಬಿಡಿಸು ಎಂದು. ಅವಳು ಹೋಗಲಿಲ್ಲ.

ಮರುದಿನ ಸೂಲಗಿತ್ತಿಯನ್ನು ಕರೆಸಿದರು. ಅವಳು ಅಕ್ಕನ ಹೊಟ್ಟೆಯನ್ನು ಹಿಟ್ಟು ನಾದಿದ ಹಾಗೆ ಒತ್ತಿ ನೋಡಿ, ಒಳಗೆ ಏನೂ ಇಲ್ಲ, ಪಾಪ, ಏನೂ ಅರಿಯದ ಹುಡುಗಿ ಎಂದಳು. ಮಾವ ನಂಬಲಿಲ್ಲ. ಕರಿ ಎಳ್ಳು ಬೆಲ್ಲದ ಕಷಾಯ ಕುಡಿಸಿದ್ದಾಯಿತು, ಹಸಿ ಪಪ್ಪಾಯಿ ತಿನ್ನಿಸಿದ್ದಾಯಿತು, ಮತ್ತೆ ಯಾವುದೋ ಬೇರು ಅರೆದು ಅಮ್ಮನ ಕೈಯಿಂದಲೇ ಮೂಗು ಹಿಡಿಸಿ ಬಾಯಿಗೆ ಹೊಯ್ಯಿಸಿದ. ಅಕ್ಕ ಎರಡು ದಿನ ಕಾರಿದಳು, ಕರುಳು ಹೊರಗೆ ಬರುತ್ತದೇನೋ ಎನ್ನುವ ಹಾಗೆ. ನೆತ್ತರು ಮಾತ್ರ ಬರಲಿಲ್ಲ.

ಆಗ ಅವನೊಂದು ಕಾನೂನು ಮಾಡಿದ. ಎಲ್ಲಿಯೂ ಕೇಳಿರದ ಕಾನೂನು. ಇನ್ನು ಮೇಲೆ ತಿಂಗಳು ತಿಂಗಳು ತಾನೇ ನೋಡಬೇಕು, ಹೆಂಗಸರ ಮಾತಿನಲ್ಲಿ ನಂಬಿಕೆ ಇಲ್ಲ ಎಂದ. ಒಗೆಯುವ ಮೊದಲು ಅಕ್ಕ ಆ ಬಟ್ಟೆಯನ್ನು ಕೋಲಿನ ತುದಿಗೆ ಸಿಕ್ಕಿಸಿ ಅಂಗಳದ ಅಂಚಿನಲ್ಲಿ ನಿಂತು ಎತ್ತಿ ತೋರಿಸಬೇಕು. ಅವನು ಚಾವಡಿಯಿಂದ ನೋಡಿ ತಲೆ ಆಡಿಸಬೇಕು. ಮುಟ್ಟಾದವಳ ಕಣ್ಣು ಬಿದ್ದರೆ ಹುಂಜ ಸೋಲುತ್ತದೆ ಎಂದು, ಅಂಕಕ್ಕೆ ಹೊರಡುವ ದಿನ ಹೊರಗೆ ಕೂತವರನ್ನು ಬೈದು ಕೊಟ್ಟಿಗೆಯ ಹಿಂದಕ್ಕೆ ಓಡಿಸುತ್ತಿದ್ದ ಮನುಷ್ಯ ಇವನು. ಥೂ. ಬರೆಯುವಾಗಲೂ ನನಗೆ ನಾಚಿಕೆಯಾಗುತ್ತದೆ, ಅವನಿಗೆ ಆಗಲಿಲ್ಲ.

ಬಾರದ ನೆತ್ತರನ್ನು ತೋರಿಸುವುದು ಎಲ್ಲಿಂದ? ಉಪಾಯ ಹೇಳಿಕೊಟ್ಟದ್ದು ಅವನ ಕೋಳಿಗಳೇ. ಅಂಕದಿಂದ ಬಂದ ಮೇಲೆ ಮನೆಯಲ್ಲಿ ಒಂದು ಕೋಳಿ ಬೀಳುವುದು ಖಾಯಂ. ಗೆದ್ದರೆ, ಎದುರಾಳಿಯ ಅರೆಜೀವದ ಹುಂಜವನ್ನು ತಂದು ಕೊಯ್ಯುತ್ತಿದ್ದ. ಸೋತರೆ, ಕೋಪಕ್ಕೆ ಗೂಡಿನ ಒಂದು ಹೇಂಟೆಯ ಕತ್ತು ಹೋಗುತ್ತಿತ್ತು. ಕೊಯ್ಯುವುದು ಕೊಟ್ಟಿಗೆಯ ಹಿಂದಿನ ತೆಂಗಿನ ಬುಡದಲ್ಲಿ. ನೀರು ಹಾಕಿ ತೊಳೆಯುವ ಕೆಲಸ ನನ್ನದು. ಒಂದು ಸಲ ಅಕ್ಕ ನನ್ನನ್ನು ಮೂಲೆಗೆ ಕರೆದು ಒಂದು ಹಳೆ ಸೀರೆಯ ತುಂಡು ಕೊಟ್ಟಳು. ನೀರು ಹಾಕುವ ಮೊದಲು ಇದನ್ನು ಅದರಲ್ಲಿ ಅದ್ದಿ ತಾ ಎಂದಳು. ನಾನು ಅದ್ದಿ ತಂದೆ. ಅಕ್ಕ ಅವತ್ತೇ ಹೊರಗೆ ಕೂತಳು.

ಕೋಲಿನ ತುದಿಯ ಬಟ್ಟೆ ನೋಡಿ ಮಾವ ತಲೆ ಆಡಿಸಿದ. ಅಮ್ಮನಿಗೆ, ನೋಡಿದೆಯಾ, ಬೆತ್ತಕ್ಕೆ ಬಗ್ಗದ್ದು ಯಾವುದುಂಟು ಎಂದ. ನಾನು ಅಡಿಗೆಮನೆಗೆ ಓಡಿ ಬಾಯಿ ಮುಚ್ಚಿಕೊಂಡು ನಕ್ಕೆ. ಅವತ್ತು ಅದು ನನಗೆ ದೊಡ್ಡ ಗೆಲುವಿನ ಹಾಗೆ ಕಂಡಿತು.

ಹೀಗೆ ಅಕ್ಕನ ಮುಟ್ಟು ಅಂಕದ ದಿನ ನೋಡಿಕೊಂಡು ಬರತೊಡಗಿತು. ದೀಪಾವಳಿ ಕಳೆದ ಮೇಲೆ ತಿಂಗಳಿಗೊಂದು ಸರಾಗ. ಮಳೆಗಾಲದಲ್ಲಿ ಅಂಕ ಇಲ್ಲ. ನೆಂಟರು ಬಂದರೆ, ಯಾರಿಗಾದರೂ ಜ್ವರ ಬಂದು ಸಾರು ಬೇಕಾದರೆ ಒಂದು ಕೋಳಿ, ಇಲ್ಲದಿದ್ದರೆ ಇಲ್ಲ. ಒಂದು ವರ್ಷ ಆಟಿ ತಿಂಗಳಲ್ಲಿ, ಎಂದರೆ ಆಷಾಢದ ಜಡಿಮಳೆಯಲ್ಲಿ, ಯಾರೂ ಬರಲಿಲ್ಲ, ಯಾರಿಗೂ ಜ್ವರ ಬರಲಿಲ್ಲ. ಮಾವ ಅಕ್ಕನನ್ನು ಅಂಗಳದ ಕೆಸರಿನಲ್ಲಿ ಮಂಡಿಯೂರಿಸಿ ಹೊಡೆದ. ಒಂದು ಪೆಟ್ಟು ಕಿವಿಗೆ ಬಿದ್ದು ಎಡಕಿವಿ ಅರ್ಧ ಹೋಯಿತು, ಮತ್ತೆ ಸರಿಯಾಗಲಿಲ್ಲ. ಮರುದಿನ ಅಮ್ಮ, ತನಗೆ ಬಾಯಿ ರುಚಿ ಇಲ್ಲ ಎಂದು ಹೇಳಿ ಒಂದು ಹೇಂಟೆ ಕೊಯ್ದಳು. ಕೊಯ್ಯುವಾಗ ಕುತ್ತಿಗೆಯ ಕೆಳಗೆ ಒಂದು ತೆಂಗಿನ ಗೆರಟೆ ಇಟ್ಟಳು. ಯಾಕಮ್ಮ ಗೆರಟೆ ಎಂದೆ. ನೆಲ ಗಲೀಜಾಗುತ್ತದೆ ಎಂದಳು. ಆ ಗೆರಟೆಯನ್ನು ಅವಳು ತೊಳೆಯಲಿಲ್ಲ. ತುಂಬಿದ ಹಾಗೆಯೇ ಕೊಟ್ಟಿಗೆಯ ಜಗಲಿಯಲ್ಲಿ ಬಿಟ್ಟು ಹೋದಳು. ಅಲ್ಲಿಂದ ಮುಂದೆ ಯಾವಾಗ ಕೋಳಿ ಕೊಯ್ದರೂ ಗೆರಟೆ ಇರುತ್ತಿತ್ತು. ಅದರ ಬಗ್ಗೆ ನಮ್ಮ ಮೂವರಲ್ಲಿ ಒಂದು ಮಾತೂ ಆಗಲಿಲ್ಲ.

ಅಷ್ಟರಲ್ಲಿ ಅಕ್ಕನ ಮೈ ಬೇರೆಯೇ ದಾರಿ ಹಿಡಿದಿತ್ತು. ನಾವಿಬ್ಬರೂ ಉಂಡದ್ದು ಒಂದೇ ಗಂಜಿ, ಆದರೆ ಅವಳು ದಪ್ಪಗಾಗುತ್ತ ಹೋದಳು, ಹೊಟ್ಟೆಯ ಸುತ್ತಲೇ ಜಾಸ್ತಿ. ಗಲ್ಲದಲ್ಲಿ ಕೂದಲು ಮೂಡಿತು. ಕುತ್ತಿಗೆಯ ಹಿಂದೆ ಮಸಿ ಬಳಿದ ಹಾಗೆ ಕಪ್ಪು ಪಟ್ಟಿ ಬಂತು. ಅಮ್ಮ ಅದನ್ನು ಕೊಳೆ ಅಂದುಕೊಂಡು ತೆಂಗಿನ ಸಿಪ್ಪೆಯ ನಾರಿನಿಂದ ತಿಕ್ಕಿದಳು. ಹೋಗಲಿಲ್ಲವೆಂದು ಸಿಟ್ಟು ಬಂದು ಇನ್ನೂ ತಿಕ್ಕಿದಳು. ಚರ್ಮ ಸುಲಿದು ನೀರು ಒಸರಿತು, ಕಪ್ಪು ಮಾತ್ರ ಅಲ್ಲೇ ಇತ್ತು. ಸ್ನಾನ ಮಾಡದ ಹಂದಿ ಎಂದು ಅಮ್ಮ ಬೈದದ್ದು ನನಗೆ ನೆನಪುಂಟು. ಆ ಕಪ್ಪು ಒಳಗಿನಿಂದ ಬರುವುದು, ಮೈ ಸಕ್ಕರೆಯನ್ನು ಅರಗಿಸಿಕೊಳ್ಳಲಾರದೆ ಕೊಡುವ ಸೂಚನೆ ಎಂದು ನಮಗೆ ಹೇಳುವವರು ಯಾರಿದ್ದರು?

ಎಂಬತ್ತರ ಹೊತ್ತಿಗೆ ಅಕ್ಕನನ್ನು ಮೂಡುಬಿದಿರೆಯ ಹತ್ತಿರ ತೋಡಾರಿಗೆ ಮದುವೆ ಮಾಡಿಕೊಟ್ಟರು. ಭಾವ ಬೊಂಬಾಯಿಯ ಹೋಟೆಲಿನಲ್ಲಿ ಇದ್ದು ಆಗೀಗ ಬರುವವರು. ಅಲ್ಲಿ ಬಟ್ಟೆ ನೋಡುವ ಮಾವ ಇರಲಿಲ್ಲ, ಹಾಗಾಗಿ ಸುಳ್ಳು ಹೇಳುವ ಅಗತ್ಯವೂ ಇರಲಿಲ್ಲ. ಆದರೆ ಅತ್ತೆಗೆ ಕಣ್ಣಿತ್ತು. ಮುಟ್ಟಿಲ್ಲ, ಬಸಿರೂ ಇಲ್ಲ, ಮೈ ಮಾತ್ರ ಬೆಳೆಯುತ್ತದೆ, ಇದು ಎಂಥ ಹೆಣ್ಣು ಎಂದು ಮೊದಲು ಒಳಗೆ, ಆಮೇಲೆ ಅಂಗಳದಲ್ಲಿ, ಆಮೇಲೆ ಊರಲ್ಲಿ ಹೇಳಿದರು. ಐದಾರು ವರ್ಷ ಅದನ್ನು ಕೇಳಿಸಿಕೊಂಡು, ಕಡೆಗೊಂದು ಮಧ್ಯಾಹ್ನ ಅಕ್ಕ ಒಂದು ಚೀಲ ಹಿಡಿದು ಒಬ್ಬಳೇ ಬಸ್ಸಿನಲ್ಲಿ ಬಂದಳು. ಅವರೇ ಹತ್ತಿಸಿ ಕಳಿಸಿದ್ದರು. ನಾನು ಆಗ ಬೆಳ್ತಂಗಡಿ ಕಡೆಯ ಒಂದು ಶಾಲೆಯಲ್ಲಿ ಟೀಚರ್, ರಜೆಗೆ ಮನೆಗೆ ಬಂದಿದ್ದೆ. ಅಂಗಳದ ಮೆಟ್ಟಿಲು ಹತ್ತಲು ಅಕ್ಕ ಎರಡು ಸಲ ಕೂತಳು. ಎದೆಯನ್ನು ಅಂಗೈಯಿಂದ ಒತ್ತಿ ಹಿಡಿದಿದ್ದಳು. ಬಂದವಳೇ ಒಂದು ಚೆಂಬು ನೀರು ಕುಡಿದು ಇನ್ನೊಂದು ಕೇಳಿದಳು. ಬಚ್ಚಲಿಗೆ ಹೋಗಿ ಬಂದಲ್ಲಿ ಸ್ವಲ್ಪ ಹೊತ್ತಿಗೆ ಇರುವೆ ಮುತ್ತಿತು. ಇಪ್ಪತ್ತೇಳು ಇಪ್ಪತ್ತೆಂಟರ ಹೆಂಗಸು, ನೋಡಿದರೆ ಅಮ್ಮನ ಅಕ್ಕನ ಹಾಗೆ ಇದ್ದಳು.

ಬಂಟ್ವಾಳ ಪೇಟೆಯ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ನಾವು ಬೇಡವೆಂದರೂ ಮಾವ ಬಂದ. ಗಂಡಸರು ಹೊರಗೆ ಕೂತರೆ ಒಳ್ಳೆಯದು ಎಂದು ಡಾಕ್ಟರು ಹೇಳಿದರು, ಅವನು ಅಲುಗಲಿಲ್ಲ. ಸಕ್ಕರೆ ವಿಪರೀತ ಏರಿತ್ತು, ರಕ್ತದೊತ್ತಡವೂ. ಸ್ಟೆತೊಸ್ಕೋಪು ಎದೆಗಿಟ್ಟು ಅವರು ಬಹಳ ಹೊತ್ತು ಕೇಳಿದರು. ಕುತ್ತಿಗೆಯ ಕಪ್ಪು, ಗಲ್ಲದ ಕೂದಲು ನೋಡಿದರು. ಆಮೇಲೆ ಪೆನ್ನು ಕೆಳಗಿಟ್ಟು, ಸಣ್ಣದರಿಂದ ಮುಟ್ಟು ಸರಿ ಇತ್ತಾ, ಇದು ನನಗೆ ಸರಿಯಾಗಿ ಗೊತ್ತಾಗಬೇಕು ಎಂದರು. ಕೆಲವರಿಗೆ ಮೈಯೊಳಗಿನ ಒಂದೇ ಏರುಪೇರು ಮೊದಲು ಮುಟ್ಟನ್ನು ತಡೆಯುತ್ತದೆ, ಆಮೇಲೆ ಸಕ್ಕರೆಯಾಗಿ ಬರುತ್ತದೆ, ಕಡೆಗೆ ಹೃದಯಕ್ಕೂ ಕೈ ಹಾಕುತ್ತದೆ, ಹಾಗಿದ್ದರೆ ತಡ ಮಾಡದೆ ಮಂಗಳೂರಿನ ದೊಡ್ಡ ಆಸ್ಪತ್ರೆಗೆ ಸೇರಿಸಬೇಕು ಎಂದು ಬಿಡಿಸಿ ಹೇಳಿದರು.

"ಅದೆಲ್ಲ ಸರಿ ಉಂಟು," ಎಂದ ಮಾವ. "ತಿಂಗಳು ತಿಂಗಳು ಸರಿಯಾಗಿ ಆಗ್ತಿತ್ತು. ನಾನೇ ಸಾಕ್ಷಿ."

ಡಾಕ್ಟರು ಅಮ್ಮನನ್ನು ನೋಡಿದರು. ಅಮ್ಮ ಮಾವನನ್ನು ನೋಡಿದಳು. ಹೌದು ಎಂದಳು. ಅಕ್ಕ ತನ್ನ ಮಡಿಲನ್ನು ನೋಡುತ್ತಿದ್ದಳು. ಇಲ್ಲ, ಸುಳ್ಳು ಎಂದು ನಾನು ಎದ್ದೆ. ಮಾವ ನನ್ನ ಕೈ ತಿರುಚಿ, ಡಾಕ್ಟರ ಎದುರೇ, ಹೊರಗೆ ದೂಡಿದ. ಮುಂಗೈ ವಾರಗಟ್ಟಲೆ ಊದಿತ್ತು.

ಡಾಕ್ಟರು ಆದರೂ ಮಾತ್ರೆ ಕೊಟ್ಟರು, ಮಂಗಳೂರಿಗೆ ಹೋಗಲೇಬೇಕು ಎಂದರು. ಮನೆಗೆ ಬಂದ ಮಾವ ಮಾತ್ರೆಯ ಪೊಟ್ಟಣವನ್ನು ಬಚ್ಚಲ ಒಲೆಗೆ ಹಾಕಿದ. ಹೆಂಗಸರ ಕಾಯಿಲೆ ಎಂದು ಮಂಗಳೂರಿಗೆ ಸೇರಿಸಿದರೆ, ಹಾಳು ಹೆಣ್ಣನ್ನು ದಾಟಿಸಿದ್ದಾರೆ ಎಂದು ತೋಡಾರಿನವರು ಉಗಿಯುವುದಿಲ್ಲವೇ? ಅವನ ಲೆಕ್ಕದಲ್ಲಿ ಅವನು ಕೊಟ್ಟದ್ದು ಸರಿಯಾದ ಹೆಣ್ಣು, ಕೆಡಿಸಿದ್ದು ಅವರು, ಏನೋ ಹಾಕಿ ತಿನ್ನಿಸಿದ್ದಾರೆ. ಭಾವ ಊರಿಗೆ ಬರುತ್ತಿದ್ದಾರೆಂದು ತಿಳಿದದ್ದೇ ತಡ, ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನಲ್ಲಿ ಕಾದು ನಿಂತು, ಬಸ್ಸಿನಿಂದ ಇಳಿಯುವ ಮನುಷ್ಯನ ಕಾಲರು ಹಿಡಿದು ಮುಖಕ್ಕೆ ಗುದ್ದಿ ಬಂದ. ಎರಡು ಹಲ್ಲು ಉದುರಿಸಿದೆ ಎಂದು ಚಾವಡಿಯಲ್ಲಿ ಕೂತು ಹೇಳಿದ, ಅಂಕ ಗೆದ್ದ ಮುಖದಲ್ಲಿ. ಅಕ್ಕ ಒಳಗೆ ಗೋಡೆಗೆ ಒರಗಿ ಉಸಿರು ಹಿಡಿಯಲು ಒದ್ದಾಡುತ್ತಿದ್ದಳು. ಒಂದೊಂದು ದಿನ ಕಳೆದ ಹಾಗೆ ಅವಳ ಪಾದ ಊದುತ್ತಿತ್ತು, ತುಟಿ ಕಪ್ಪಾಗುತ್ತಿತ್ತು. ಹೋಗುವಾ ಅಕ್ಕ, ನಾನು ಕರೆದುಕೊಂಡು ಹೋಗ್ತೇನೆ ಎಂದು ಅತ್ತುಕೊಂಡು ಹೇಳಿದೆ. ಮಾವ ಬೈತಾರೆ ಎಂದಳು. ಸಾಯುವ ಹಾಗಿದ್ದಳು, ಅವಳಿಗೆ ಹೆದರಿಕೆ ಇದ್ದದ್ದು ಬೈಗುಳಕ್ಕೆ.

ಭಾವನ ಹಲ್ಲು ಉದುರಿಸಿದ್ದಕ್ಕೆ ಪಂಚಾಯಿತಿ ಆಗಲೇಬೇಕಲ್ಲ. ಒಂದು ಆದಿತ್ಯವಾರ ತೋಡಾರಿನಿಂದ ಹಿರಿಯರು ನಮ್ಮ ಮನೆಗೆ ಬಂದರು, ನಮ್ಮ ಕಡೆಯವರೂ ನಾಲ್ಕು ಜನ ಸೇರಿದರು. ಮಧ್ಯಾಹ್ನದ ಊಟಕ್ಕೆಂದು ಮಾವ ಒಂದು ಹುಂಜವನ್ನು ಕಾಲು ಕಟ್ಟಿ ತೆಂಗಿನ ಬುಡದಲ್ಲಿ ಹಾಕಿದ್ದ. ಚಾವಡಿಯಲ್ಲಿ ಮಾತು ಏರಿತು. ನಿಮ್ಮ ಹುಡುಗಿಗೆ ಮೊದಲಿಂದಲೇ ಸರಿ ಇರಲಿಲ್ಲ ಎಂದು ಅವರು. ಮಾವ ಎದೆ ಬಡಿದುಕೊಂಡು, ಮದುವೆಯ ತನಕ ಒಂದು ತಿಂಗಳೂ ತಪ್ಪಲಿಲ್ಲ, ನನ್ನ ಈ ಎರಡು ಕಣ್ಣಿಂದ ನೋಡಿದ್ದೇನೆ, ದೈವದ ಮುಂದೆ ಪ್ರಮಾಣ ಮಾಡಲು ತಯಾರಿದ್ದೇನೆ, ಇವಳನ್ನು ಇವತ್ತೇ ನಿಮ್ಮ ಜೊತೆ ಕಳಿಸುತ್ತೇನೆ ಎಂದ.

ಆಗ ಅಕ್ಕ ಗೋಡೆ ಹಿಡಿದು ಎದ್ದಳು. ಬಚ್ಚಲಿಗೆ ಹೊರಟಿದ್ದಾಳೆ ಅಂದುಕೊಂಡೆ. ಅವಳು ಕತ್ತಿ ತೆಗೆದುಕೊಂಡು ಹಿಂಬದಿಗೆ ಹೋದಳು. ನಾನು ಓಡಿ ಹೋಗುವಷ್ಟರಲ್ಲಿ ಹುಂಜದ ಕುತ್ತಿಗೆ ಹೋಗಿತ್ತು. ಅದು ರೆಕ್ಕೆ ಬಡಿಯುತ್ತಿದ್ದರೆ ಅಕ್ಕ ಅದನ್ನು ಮಂಡಿಯ ಕೆಳಗೆ ಒತ್ತಿ ಹಿಡಿದು, ತನ್ನ ಸೆರಗನ್ನು ಹರಿದು, ನೆತ್ತರಿನಲ್ಲಿ ಅದ್ದುತ್ತಿದ್ದಳು. ಮುಖಕ್ಕೆಲ್ಲ ಹಾರಿತ್ತು. ಅವಳ ಉಸಿರಿನ ಸದ್ದು ನನಗೆ ಅಷ್ಟು ದೂರಕ್ಕೆ ಕೇಳುತ್ತಿತ್ತು. ಬೇಲಿಯ ಒಂದು ಕೋಲು ಕಿತ್ತು, ಬಟ್ಟೆಯನ್ನು ಅದರ ತುದಿಗೆ ಸಿಕ್ಕಿಸಿ, ಸುತ್ತು ಹಾಕಿ ಅಂಗಳಕ್ಕೆ ಬಂದು, ಹಳೆಯ ಅದೇ ಜಾಗದಲ್ಲಿ ನಿಂತಳು. ಇನ್ನೊಂದು ಕೈಯಲ್ಲಿ ತಲೆ ಇಲ್ಲದ ಹುಂಜ. ಚಾವಡಿಯಲ್ಲಿದ್ದವರೆಲ್ಲ ಅಂಗಳದ ಕಡೆ ತಿರುಗಿದರು.

"ನೋಡಿ ಮಾವ," ಎಂದಳು. "ಈ ತಿಂಗಳೂ ಆಯ್ತು."

ಮಾವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಬಟ್ಟೆ ನೋಡಿದ, ಹುಂಜ ನೋಡಿದ, ಮತ್ತೆ ಬಟ್ಟೆ ನೋಡಿದ. ಆಮೇಲೆ ಬೆತ್ತಕ್ಕೆ ಕೈ ಹಾಕಿ ಅಂಗಳಕ್ಕೆ ಹಾರಿದ. ನಾನು ಕೊಟ್ಟಿಗೆಯಿಂದ ಒನಕೆ ಎತ್ತಿಕೊಂಡು ಅಕ್ಕನ ಮುಂದೆ ನಿಂತೆ. ಹೊಡೆದೇ ಬಿಡುತ್ತಿದ್ದೆ, ಅದರಲ್ಲಿ ನನಗೆ ಇವತ್ತಿಗೂ ಸಂಶಯವಿಲ್ಲ. ಅವನ ಮೊದಲ ಪೆಟ್ಟು ನನ್ನ ಭುಜಕ್ಕೆ ಬಿತ್ತು. ನಾನು ಬೀಸಿದ ಒನಕೆ ಅವನ ಮೊಣಕಾಲಿಗೆ ಬಿತ್ತು. ಅವನು ಕೂಗಿಕೊಂಡು ಕೂತುಬಿಟ್ಟ. ಆ ಸ್ವರ ಕೇಳಿ ನನಗೆ ಆದ ಸಂತೋಷವನ್ನು ಸುಳ್ಳು ಹೇಳಿ ಮುಚ್ಚುವುದಿಲ್ಲ.

ಅಮ್ಮ ಒಳಗಿನಿಂದ ಬಂದಳು. ಅವನ ಕೈಯಿಂದ ಜಾರಿದ ಬೆತ್ತವನ್ನು ಎತ್ತಿಕೊಂಡಳು. ತೋಡಾರಿನ ಹಿರಿಯರ ಕಡೆ ತಿರುಗಿ, ಜೀವಮಾನದಲ್ಲಿ ಮೊದಲ ಸಲ ಗಂಡಸರ ಸಭೆಯಲ್ಲಿ ಬಾಯಿ ಬಿಟ್ಟಳು. "ನನ್ನ ಮಗಳಿಗೆ ಆದದ್ದು ಒಂದೇ ಸಲ. ಮತ್ತೆ ಇವರು ನೋಡಿದ್ದೆಲ್ಲ ಕೋಳಿಯದ್ದು. ಗೆರಟೆ ಇಟ್ಟು ಹಿಡಿದದ್ದು ನಾನೇ. ಅವಳು ಎಲ್ಲಿಗೂ ಬರುವುದಿಲ್ಲ, ನೀವು ಊಟ ಮಾಡಿ ಹೋಗಿ." ಅವರು ಊಟ ಮಾಡಲಿಲ್ಲ. ಚಪ್ಪಲಿ ಹುಡುಕಿಕೊಂಡು ಹೋದರು. ಆ ಮದುವೆ ಅಲ್ಲಿಗೆ ಮುಗಿಯಿತು. ಅಮ್ಮ ಬೆತ್ತವನ್ನು ಮಂಡಿಗಿಟ್ಟು ಮುರಿಯಲು ನೋಡಿದಳು. ನಾಗರಬೆತ್ತ ಬಗ್ಗುತ್ತದೆ, ಮುರಿಯುವುದಿಲ್ಲ. ಕಡೆಗೆ ಬಚ್ಚಲ ಒಲೆಗೆ ಹಾಕಿದಳು.

ಅಕ್ಕ ಅಲ್ಲೇ ಅಂಗಳದಲ್ಲಿ ಕುಸಿದಿದ್ದಳು. ಪೇಟೆಯಿಂದ ಕಾರು ತರಿಸಿ, ಮೈಮೇಲಿನ ನೆತ್ತರೂ ತೊಳೆಯದೆ ಮಂಗಳೂರಿಗೆ ಕರೆದುಕೊಂಡು ಹೋದೆವು. ಆಸ್ಪತ್ರೆಯ ಬಾಗಿಲಲ್ಲಿ, ಯಾರು ಹೊಡೆದದ್ದು, ಪೊಲೀಸ್ ಕೇಸಾ ಎಂದು ಕೇಳಿದರು. ಕೋಳಿಯ ನೆತ್ತರು ಎಂದರೆ ನಂಬಲಿಲ್ಲ. ಹೃದಯದ ಒಂದು ಭಾಗ ಆಗಲೇ ಸೋತಿದೆ, ಬಂದದ್ದು ತಡವಾಯಿತು, ಆದರೆ ಪೂರ್ತಿ ತಡವಾಗಲಿಲ್ಲ ಎಂದರು. ಮೂರು ದಿನ ಕಳೆದು ಅಕ್ಕ ದಿಂಬಿಗೆ ಒರಗಿ ಕೂರುವಂತಾದಳು.

ಅವತ್ತು ಒಬ್ಬ ಹೆಂಗಸು ಡಾಕ್ಟರು ಮಂಚದ ಹತ್ತಿರ ಕುರ್ಚಿ ಎಳೆದು ಕೂತು, ಅಕ್ಕನ ಬಲಗಿವಿಯ ಕಡೆ ಬಗ್ಗಿ, ಎಷ್ಟನೇ ವಯಸ್ಸಿಗೆ ಶುರುವಾಯಿತಮ್ಮ, ಆಮೇಲೆ ತಿಂಗಳು ತಿಂಗಳು ಬರುತ್ತಿತ್ತಾ ಎಂದು ಮೆಲ್ಲಗೆ ಕೇಳಿದರು. ಊರೆಲ್ಲ ನೋಡುವಂತೆ ಕೋಲೆತ್ತಿ ನಿಂತ ಅಕ್ಕ ನನ್ನ ಊದಿದ ಮುಂಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಬಾಗಿಲ ಕಡೆ ಒಮ್ಮೆ ನೋಡಿದಳು. ಆಮೇಲೆ ಡಾಕ್ಟರಿಗೆ ಕೇಳಿಸದ ಹಾಗೆ ತುಳುವಿನಲ್ಲಿ ನನ್ನನ್ನು ಕೇಳಿದಳು, ಬರ್ತಿರಲಿಲ್ಲ ಅಂತ ಹೇಳಿದರೆ ಇವರು ಹೊಡೆಯುವುದಿಲ್ಲ ಅಲ್ಲವಾ?

ಇಲ್ಲ ಅಕ್ಕ ಎಂದೆ. ಅವಳು ಡಾಕ್ಟರ ಕಡೆ ತಿರುಗಿದಳು.